ಹಳೆಯ ಗೋಡೆಗೆ ಸಿಮೆಂಟ್ ಬೇಡ

ಪ್ರಶ್ನೆ: ಬಸವನಗುಡಿಯಲ್ಲಿ ನಮ್ಮ ತಾತನ ಕಾಲದ ಮನೆಯಿದೆ. ಗಾರೆ ಉದುರುತ್ತಿದ್ದ ಗೋಡೆಗೆ ಹೋದ ವರ್ಷ ಸಿಮೆಂಟ್ ಪ್ಲಾಸ್ಟರ್ ಮಾಡಿಸಿದೆವು. ಈಗ ಅದೂ ಉಬ್ಬಿ ಬಿಳಿ ಪುಡಿ ಉದುರುತ್ತಿದೆ. ಕೆಡವಿ ಕಟ್ಟುವುದೇ ವಾಸಿ ಎನ್ನುತ್ತಾರೆ ಮೇಸ್ತ್ರಿ.

ಉತ್ತರ: ದಯವಿಟ್ಟು ಕೆಡವಬೇಡಿ. ತಪ್ಪು ಗೋಡೆಯದಲ್ಲ, ಸಿಮೆಂಟಿನದು. ಸುಣ್ಣದ ಗಾರೆಯ ಇಟ್ಟಿಗೆ ಗೋಡೆ ನೆಲದ ತೇವವನ್ನು ಮೇಲೆಳೆದು ಗಾಳಿಗೆ ಬಿಡುತ್ತದೆ. ಸಿಮೆಂಟ್ ಆ ದಾರಿ ಮುಚ್ಚಿದಾಗ ತೇವ ಒಳಗೇ ನಿಂತು, ಅದರಲ್ಲಿನ ಉಪ್ಪು ಹರಳುಗಟ್ಟಿ ಪ್ಲಾಸ್ಟರನ್ನು ಹೊರದಬ್ಬುತ್ತದೆ. ಆ ಬಿಳಿ ಪುಡಿ ಅದೇ.

ಮೊದಲು ತೇವದ ಮೂಲ ಹುಡುಕಿ: ಸೂರಿನ ದೋಣಿ, ಒಡೆದ ಹಂಚು, ಗೋಡೆ ಬುಡದ ಹೂವಿನ ಪಾತಿ. ಆಮೇಲೆ ತೇವದ ಗುರುತಿಗಿಂತ ಒಂದಡಿ ಮೇಲಿನವರೆಗೂ ಸಿಮೆಂಟ್ ಕೆತ್ತಿಸಿ, ಬೇಸಿಗೆಯಿಡೀ ಗೋಡೆ ಒಣಗಲಿ. ಉಪ್ಪನ್ನು ಒಣ ಬ್ರಷ್‌ನಿಂದಲೇ ಉಜ್ಜಿ ತೆಗೆಯಿರಿ. ತೊಳೆದರೆ ಕರಗಿ ಮತ್ತೆ ಒಳಗಿಳಿಯುತ್ತದೆ. ಹೊಸ ಗಾರೆಗೆ, ಅರಳಿಸಿ ಕನಿಷ್ಠ 3 ವಾರ ನೀರಿನಲ್ಲಿಟ್ಟ ಸುಣ್ಣ 1 ಪಾಲು, ಜರಡಿ ಹಿಡಿದ ಮರಳು 3 ಪಾಲು. ಒಂದು ಪದರ 10 ಮಿ.ಮೀ. ದಾಟಬಾರದು. ವಾರವಿಡೀ ಒದ್ದೆ ಗೋಣಿಯ ಮರೆ ಕಟ್ಟಿ. ಬಿಸಿಲಿಗೆ ಬೇಗ ಒಣಗಿದರೆ ಬಿರುಕು ಖಚಿತ. ಮೇಲೆ ಸುಣ್ಣವನ್ನೇ ಬಳಿಯಿರಿ. ತೇವವನ್ನು ಹೊರಬಿಡದ ಎಮಲ್ಷನ್ ಪೇಂಟ್ ಬಳಿದರೆ ಮತ್ತದೇ ಕಥೆ.

ಮನೆ ಮುಂದೆ ಮಂಕಿ ಟಾಪ್ (ಕಿಟಕಿ, ಜಗಲಿಯ ಮೇಲಿನ ಮರದ ಪಟ್ಟಿಗಳ ಚೂಪು ಮರೆ) ಇದ್ದರೆ ಬಿಚ್ಚಿಸಬೇಡಿ. ಕೊಳೆತ ಪಟ್ಟಿಗಳನ್ನಷ್ಟೇ ಬದಲಿಸಬಹುದು.