ಏಪ್ರಿಲ್-ಮೇ ರಜೆಯಲ್ಲಿ ಅಪ್ಪ ಅಮ್ಮನ ಜೊತೆ ಫ್ರಾನ್ಸ್: 12 ದಿನಕ್ಕೆ ಯಾವ ಊರು, ಏನು ನೋಡಬಹುದು?

ನಿಮ್ಮ ಪ್ರಶ್ನೆ ಓದಿದೆ. ಶಾಲೆಯ ಬೇಸಿಗೆ ರಜೆ, 12 ದಿನ, ಜೊತೆಗೆ ಎಪ್ಪತ್ತರ ಹತ್ತಿರದ ಅಪ್ಪ ಅಮ್ಮ, ಎಂಟು ವರ್ಷದ ಮಗಳು. ಪ್ಯಾರಿಸ್, ಲ್ಯಾವೆಂಡರ್ ಹೊಲ, ಹಿಮ, ಸಮುದ್ರ ನಾಲ್ಕೂ ನೋಡಬೇಕು ಅಂದಿದ್ದೀರಿ. ನಾನು ಏಳು ವರ್ಷದಿಂದ ತೂಲೂಸ್‌ನಲ್ಲಿದ್ದೇನೆ. ವಿಮಾನ ತಯಾರಿಸುವ ಏರ್‌ಬಸ್ ಕಂಪನಿ ಇರುವ ಊರು ಇದು, ಹಾಗಾಗಿ ಬೆಂಗಳೂರಿನವರು ಇಲ್ಲಿ ಸಾಕಷ್ಟು ಜನ ಇದ್ದೇವೆ. ಪ್ರತಿ ವರ್ಷ ಯಾರದಾದರೂ ಮನೆಗೆ ಊರಿಂದ ಹಿರಿಯರು ಬರುತ್ತಾರೆ. ಆಗೆಲ್ಲ ಇದೇ ಮಾತು ಬರುತ್ತದೆ.

ಮೊದಲೇ ಹೇಳಿಬಿಡುತ್ತೇನೆ, ಏಪ್ರಿಲ್-ಮೇನಲ್ಲಿ ಲ್ಯಾವೆಂಡರ್ ಹೂ ಇರುವುದಿಲ್ಲ. ದಕ್ಷಿಣ ಫ್ರಾನ್ಸಿನ ಪ್ರೊವಾನ್ಸ್‌ನ ವಾಲಾಂಸೋಲ್ ಬಯಲಿನಲ್ಲಿ ಅದು ಅರಳುವುದು ಜೂನ್ ಮಧ್ಯದಿಂದ ಜುಲೈ ಮಧ್ಯದವರೆಗೆ. ಸೋ ಎಂಬ ಊರಿನ ಕಡೆ ನೆಲ ಎತ್ತರ, ಅಲ್ಲಿ ಸ್ವಲ್ಪ ತಡ. ಇದನ್ನು ನಾನು ಕಲಿತದ್ದು ಅಮ್ಮನ ಮುಖ ನೋಡಿ. ಅವರು ಮೊದಲ ಸಲ ಬಂದಾಗ ಆಗಸ್ಟ್ ಮೊದಲ ವಾರ. ಕ್ಯಾಲೆಂಡರಿನಲ್ಲಿ ನೋಡಿದ ನೇರಳೆ ಹೊಲ ತೋರಿಸುತ್ತೇನೆ ಅಂತ ಐದು ಗಂಟೆ ಕಾರು ಓಡಿಸಿಕೊಂಡು ಹೋದೆ. ಹೋಗಿ ನೋಡಿದರೆ ಎಲ್ಲ ಕೊಯ್ಲು ಆಗಿತ್ತು. ಸಾಲು ಸಾಲು ಬೂದು ಬಣ್ಣದ ಬುಡಗಳು, ಗಾಳಿಯಲ್ಲಿ ಮಾತ್ರ ವಾಸನೆ. ಅದು ಎಣ್ಣೆ ತೆಗೆಯಲು ಬೆಳೆಯುವ ಬೆಳೆ, ನೋಡುವವರಿಗಾಗಿ ಕಾಯುವುದಿಲ್ಲ. ಗುಂಡ್ಲುಪೇಟೆ ಸೂರ್ಯಕಾಂತಿ ನೋಡಲು ಡಿಸೆಂಬರಿನಲ್ಲಿ ಹೋದರೆ ಹೇಗೆ, ಹಾಗೇ ಇದು. ಅಮ್ಮ ಹೊಲದ ಅಂಚಿನಲ್ಲಿ ಉಳಿದಿದ್ದ ನಾಲ್ಕು ಕಡ್ಡಿ ಆರಿಸಿ ಸೆರಗಿನ ತುದಿಗೆ ಕಟ್ಟಿಕೊಂಡರು. "ಬಿಡು ಮಗ, ವಾಸನೆನಾದ್ರೂ ಸಿಕ್ತಲ್ಲ" ಅಂದರು. ನನಗೆ ಇವತ್ತಿಗೂ ಅದು ಬೇಸರ.

ಅದಕ್ಕೇ ಈಗ ಯಾರು ಕೇಳಿದರೂ ಮೊದಲು ತಿಂಗಳು ಕೇಳುತ್ತೇನೆ, ಊರಿನ ಮಾತು ಆಮೇಲೆ. ತಿಂಗಳು ನಮ್ಮ ಕೈಯಲ್ಲಿಲ್ಲ, ಶಾಲೆ ಕೊಡುತ್ತದೆ. ಆ ತಿಂಗಳಲ್ಲಿ ಫ್ರಾನ್ಸಿನ ಯಾವ ಭಾಗ ಚೆನ್ನಾಗಿರುತ್ತದೋ ಅಲ್ಲಿಗೆ ಹೋಗಬೇಕು.

ಹಿಮದ ವಿಷಯವೂ ಹೀಗೇ. ಆಲ್ಪ್ಸ್‌ನ ಸ್ಕೀ ಊರುಗಳಲ್ಲಿ ಏಪ್ರಿಲ್ ಕೊನೆಯಿಂದ ಜೂನ್ ಮಧ್ಯದವರೆಗೆ ಎರಡು ಸೀಸನ್ನುಗಳ ನಡುವಿನ ಸಮಯ. ಎಷ್ಟೋ ಹೋಟೆಲು, ರೋಪ್‌ವೇ ಬಾಗಿಲು ಹಾಕಿರುತ್ತವೆ. ಅಲ್ಲಿನ ಶಾಮೊನಿ ಎಂಬ ಊರಿನಿಂದ ಎಗ್ವಿ ದು ಮಿದಿ ಶಿಖರಕ್ಕೆ ಹೋಗುವ ಕೇಬಲ್ ಕಾರ್ ಇದೆ, ಮೇಲೆ ವರ್ಷವಿಡೀ ಹಿಮ. ಆದರೆ ಅದು 3842 ಮೀಟರ್ ಎತ್ತರ. ಇಪ್ಪತ್ತು ನಿಮಿಷದಲ್ಲಿ ಅಷ್ಟು ಎತ್ತರಕ್ಕೆ ಏರಿದರೆ ಬಿಪಿ, ಹೃದಯದ ತೊಂದರೆ ಇರುವ ಹಿರಿಯರಿಗೆ ಕಷ್ಟ. ನಾನಾದರೆ ಈ ಸಲ ಹಿಮ ಬಿಟ್ಟುಬಿಡುತ್ತೇನೆ. ಇನ್ನೊಂದು ವರ್ಷ ಜನವರಿಯಲ್ಲಿ ಬನ್ನಿ. ಫೆಬ್ರವರಿ ಬೇಡ. ಇಲ್ಲಿನ ಶಾಲೆಗಳಿಗೆ ಆಗ ಚಳಿಗಾಲದ ರಜೆ, ಬೆಟ್ಟದ ಊರುಗಳಲ್ಲಿ ಬಾಡಿಗೆ ಸಿಕ್ಕಾಪಟ್ಟೆ ಜಾಸ್ತಿ.

ಈಗ ನಿಮಗೆ ಸಿಗುವುದನ್ನು ಹೇಳುತ್ತೇನೆ. ಮೇ ತಿಂಗಳ ಫ್ರಾನ್ಸ್ ನನಗೆ ಎಲ್ಲಕ್ಕಿಂತ ಇಷ್ಟ. ಮರಗಳೆಲ್ಲ ಹೊಸ ಎಲೆ ಬಿಟ್ಟಿರುತ್ತವೆ, ರಾತ್ರಿ ಒಂಬತ್ತರವರೆಗೂ ಬೆಳಕಿರುತ್ತದೆ.

ಇಳಿದ ಕೂಡಲೇ ಪ್ಯಾರಿಸ್ ಊರೊಳಗೆ ಹೋಗಬೇಡಿ. ಶಾರ್ಲ್ ದ ಗೋಲ್ ವಿಮಾನ ನಿಲ್ದಾಣದ ಒಳಗೇ ಟಿಜಿವಿ, ಅಂದರೆ ಅತಿ ವೇಗದ ರೈಲಿನ, ನಿಲ್ದಾಣವಿದೆ. ಅಲ್ಲಿಂದ ನೇರ ರೈಲು ಹಿಡಿದು ತೂರ್ ನಗರದ ಕಡೆ ಹೋಗಿ. ಸೇಂ ಪಿಯೆರ್ ದೆ ಕೋರ್ ಎಂಬ ನಿಲ್ದಾಣದಲ್ಲಿ ಇಳಿಯಬೇಕು, ಎರಡು ಗಂಟೆಯೂ ಬೇಡ. ಮೂರು ರಾತ್ರಿ ತೂರ್‌ನಲ್ಲಿ ಇರಿ. ಲ್ವಾರ್ ನದಿಯ ಊರು, ಗಡಿಬಿಡಿ ಇಲ್ಲ. ಪ್ರಯಾಣದ ಸುಸ್ತು ಅಲ್ಲೇ ಕಳೆಯುತ್ತದೆ. ತೂರ್‌ನಿಂದ ಲೋಕಲ್ ರೈಲಿನಲ್ಲಿ ಅರ್ಧ ಗಂಟೆ ಹೋದರೆ ಶೆನೊನ್ಸೋ ಅರಮನೆ, ನಿಲ್ದಾಣದ ಪಕ್ಕದಲ್ಲೇ. ಶೇರ್ ನದಿಯ ಮೇಲೆ ಸೇತುವೆ ಹಾಗೆ ಕಟ್ಟಿದ್ದಾರೆ. ನೀರಿನ ಮೇಲೇ ಉದ್ದನೆಯ ಪಡಸಾಲೆ, ಕಂಬದ ಹೊಟ್ಟೆಯೊಳಗೆ ಅಡುಗೆಮನೆ. ನನ್ನ ಅಪ್ಪ ಆ ಅಡುಗೆಮನೆಯ ತಾಮ್ರದ ಪಾತ್ರೆಗಳ ಮುಂದೆ ಅರ್ಧ ಗಂಟೆ ನಿಂತಿದ್ದರು. ನಿಮ್ಮ ಮಗಳಿಗೂ ಹಿಡಿಸುತ್ತದೆ.

ಆಮೇಲೆ ಪ್ಯಾರಿಸ್‌ನಲ್ಲಿ ಐದು ರಾತ್ರಿ. ಅದರಲ್ಲಿ ಒಂದು ದಿನ ಜಿವೆರ್ನಿಗೆ ಕೊಡಿ. ಚಿತ್ರಕಾರ ಮೋನೆಯ ಮನೆ, ತೋಟ ಇರುವ ಊರು. ಸೇಂ ಲಜಾರ್ ನಿಲ್ದಾಣದಿಂದ ವೆರ್ನೋಂಗೆ ಸುಮಾರು 50 ನಿಮಿಷ, ಅಲ್ಲಿಂದ ಬಸ್ಸು. ತೋಟ ತೆರೆಯುವುದು ಏಪ್ರಿಲ್ 1ರಿಂದ ನವೆಂಬರ್ 1ರವರೆಗೆ ಮಾತ್ರ. ಏಪ್ರಿಲ್‌ನಲ್ಲಿ ಟ್ಯೂಲಿಪ್, ಮೇನಲ್ಲಿ ಕೊಳದ ಸೇತುವೆಯ ಮೇಲೆ ನೇರಳೆ ವಿಸ್ಟೀರಿಯಾ ಗೊಂಚಲು. ಅವನು ಮತ್ತೆ ಮತ್ತೆ ಬರೆದ ನೈದಿಲೆ ಅರಳಲು ಇನ್ನೂ ಸಮಯ ಬೇಕು, ಆದರೂ ಲ್ಯಾವೆಂಡರ್ ಸಿಗದ ಬೇಸರವನ್ನು ಆ ತೋಟ ಮರೆಸುತ್ತದೆ.

ಲೂವ್ರ್ ಮ್ಯೂಸಿಯಂ ಮಂಗಳವಾರ ರಜೆ, ಒರ್ಸೇ ಮ್ಯೂಸಿಯಂ ಮತ್ತು ವೆರ್ಸಾಯ್ ಅರಮನೆ ಸೋಮವಾರ ರಜೆ. ಮೆಟ್ರೋದಲ್ಲಿ ಮೆಟ್ಟಿಲು ವಿಪರೀತ. 14ನೇ ಲೈನಿನಲ್ಲಿ ಮಾತ್ರ ಎಲ್ಲ ನಿಲ್ದಾಣದಲ್ಲೂ ಲಿಫ್ಟ್ ಇದೆ. ಅಪ್ಪ ಅಮ್ಮನ ಜೊತೆ ಬಸ್ಸಿನಲ್ಲೇ ಓಡಾಡಿ, ಕಿಟಕಿ ಪಕ್ಕ ಕೂತರೆ ಊರೂ ಕಾಣುತ್ತದೆ. ಹೋಟೆಲ್ ಬುಕ್ ಮಾಡುವಾಗ ಲಿಫ್ಟ್ ಇದೆಯಾ ಅಂತ ಕೇಳಲೇಬೇಕು. ಹಳೆಯ ಕಟ್ಟಡಗಳಲ್ಲಿ ಇರುವುದಿಲ್ಲ.

ಕೊನೆಗೆ ದಕ್ಷಿಣದ ಸಮುದ್ರ ತೀರದ ಊರು ನೀಸ್. ಪ್ಯಾರಿಸ್‌ನಿಂದ ರೈಲಿನಲ್ಲಿ ಆರು ಗಂಟೆ ಹತ್ತಿರ, ಕೊನೆಯ ಭಾಗದಲ್ಲಿ ಹಳಿಯ ಪಕ್ಕವೇ ಸಮುದ್ರ. ಮೇನಲ್ಲಿ ನೀರಿಗಿಳಿಯಲು ತಣ್ಣಗಿರುತ್ತದೆ, ದಡದಲ್ಲಿ ನಡೆಯಲು ಸ್ವರ್ಗ. ಮೂರು ರಾತ್ರಿ ಸಾಕು. ವಾಪಸ್ ವಿಮಾನವನ್ನು ನೀಸ್‌ನಿಂದಲೇ ತಗೊಳ್ಳಿ, ಸುಮ್ನೆ ಮತ್ತೆ ಪ್ಯಾರಿಸ್‌ಗೆ ಬರುವುದು ಬೇಡ. ಅಲ್ಲಿ ಸೊಕ್ಕಾ ಅಂತ ಒಂದು ತಿಂಡಿ ಸಿಗುತ್ತದೆ. ಕಡಲೆಹಿಟ್ಟು, ಆಲಿವ್ ಎಣ್ಣೆ, ಉಪ್ಪು, ಮೇಲೆ ಕಾಳುಮೆಣಸು. ನಮ್ಮ ದೋಸೆಯ ನೆಂಟ. ನೀವು ಸಸ್ಯಾಹಾರಿಗಳು ಅಂದಿದ್ದೀರಿ, ಅದನ್ನು ಧೈರ್ಯವಾಗಿ ತಿನ್ನಬಹುದು.

ಊಟದ ಬಗ್ಗೆ ಇನ್ನೆರಡು ಮಾತು. ಇಲ್ಲಿ ಈರುಳ್ಳಿ ಸೂಪಿನಲ್ಲೂ ಸಾಮಾನ್ಯವಾಗಿ ಮಾಂಸದ ಸಾರು ಇರುತ್ತದೆ. "ಸಾಂ ವಿಯಾಂದ್, ಸಾಂ ಪ್ವಾಸೋಂ" ಅಂದರೆ ಮಾಂಸ ಬೇಡ, ಮೀನು ಬೇಡ ಅಂತ. ಇದನ್ನು ಬಾಯಿಪಾಠ ಮಾಡಿಕೊಳ್ಳಿ. ಮಧ್ಯಾಹ್ನ ಎರಡರ ನಂತರ ಸಂಜೆ ಏಳರವರೆಗೆ ಹೆಚ್ಚಿನ ಹೋಟೆಲುಗಳ ಅಡುಗೆಮನೆ ಮುಚ್ಚಿರುತ್ತದೆ, ಮಗುವಿಗೆ ಹಸಿವಾದರೆ ಬೇಕರಿಯೇ ಗತಿ. ಪ್ಯಾರಿಸ್‌ನಲ್ಲಿ ಗಾರ್ ದ್ಯು ನೋರ್ ನಿಲ್ದಾಣದ ಪಕ್ಕದ ಲಾ ಶಪೆಲ್‌ಗೆ ಹೋದರೆ ಶ್ರೀಲಂಕಾ ತಮಿಳರ ಹೋಟೆಲುಗಳಲ್ಲಿ ದೋಸೆ, ಇಡ್ಲಿ ಸಿಗುತ್ತದೆ. ನಾಲ್ಕನೇ ದಿನಕ್ಕೆ ಅಪ್ಪನಿಗೆ ಬೇಕಾಗುತ್ತದೆ, ನೋಡಿ. ಊರಿಂದ ಚಟ್ನಿಪುಡಿ, ಅವಲಕ್ಕಿ ತನ್ನಿ. ತುಪ್ಪ, ಪೇಡ ಬೇಡ, ಹಾಲಿನ ಪದಾರ್ಥ ಹೊರಗಿನಿಂದ ಯುರೋಪಿಗೆ ತರುವಂತಿಲ್ಲ.

ಬಟ್ಟೆಗೆ ಇಲ್ಲಿನವರ ಗಾದೆಯೇ ಇದೆ. ಏಪ್ರಿಲ್‌ನಲ್ಲಿ ಒಂದು ಎಳೆ ನೂಲೂ ಬಿಚ್ಚಬೇಡ, ಮೇನಲ್ಲಿ ನಿನ್ನಿಷ್ಟ ಅಂತ. ಸ್ವೆಟರ್, ಛತ್ರಿ ಎರಡೂ ಇರಲಿ.

ದಸರಾ ರಜೆಗೆ ಮುಂದೂಡಲು ಆದರೆ ಲೆಕ್ಕ ಬೇರೆ. ಆಗ ಬೋರ್ದೋ, ಬುರ್ಗಾಂಡಿ ಕಡೆ ದ್ರಾಕ್ಷಿ ತೋಟಗಳು ಹಳದಿ, ಕೆಂಪು. ಮೆಡಿಟರೇನಿಯನ್ ಕಡೆ ಮಾತ್ರ ಆ ತಿಂಗಳು ಒಮ್ಮೆಲೇ ಭಾರೀ ಮಳೆ ಬೀಳುವುದುಂಟು. ಕ್ರಿಸ್ಮಸ್ ರಜೆ ಅಂದರೆ ಸ್ಟ್ರಾಸ್‌ಬುರ್ಗ್, ಕೋಲ್ಮಾರ್. ಸ್ಟ್ರಾಸ್‌ಬುರ್ಗ್‌ನ ಕ್ರಿಸ್ಮಸ್ ಸಂತೆ 1570ರಿಂದ ಇದೆ, ಬಹಳ ಸೊಗಸು. ಆದರೆ 24ಕ್ಕೇ ಹೆಚ್ಚು ಕಡಿಮೆ ಮುಗಿಯುತ್ತದೆ, ಸಂಜೆ ನಾಲ್ಕೂವರೆಗೆ ಕತ್ತಲು. ಜುಲೈ-ಆಗಸ್ಟ್‌ನಲ್ಲಿ ಹಿರಿಯರನ್ನು ದಕ್ಷಿಣಕ್ಕೆ ಕರೆತರಬೇಡಿ. ಫ್ರಾನ್ಸ್ ಅಂದರೆ ತಂಪು ಅಂದುಕೊಳ್ಳುತ್ತೇವೆ ಅಲ್ವಾ? 2019ರ ಜೂನ್ 28ರಂದು ದಕ್ಷಿಣದ ಒಂದು ಹಳ್ಳಿಯಲ್ಲಿ 46 ಡಿಗ್ರಿ ಆಗಿತ್ತು. ಎಷ್ಟೋ ಮನೆಗಳಲ್ಲಿ ಎಸಿ ಇರಲಿ, ಫ್ಯಾನೂ ಇರುವುದಿಲ್ಲ.

ದಿನಾಂಕ ಗಟ್ಟಿ ಮಾಡುವ ಮುಂಚೆ ಇಲ್ಲಿನ ರಜೆ ಪಟ್ಟಿ ನೋಡಿ. ಮೇ 1 ಮತ್ತು ಮೇ 8 ಸರ್ಕಾರಿ ರಜೆ, ಅಸೆನ್ಸನ್ ಎಂಬ ಕ್ರೈಸ್ತ ಹಬ್ಬದ ಗುರುವಾರವೂ ಬಹುತೇಕ ಮೇನಲ್ಲೇ. ನಡುವಿನ ಶುಕ್ರವಾರವನ್ನೂ ಸೇರಿಸಿ ನಾಲ್ಕು ದಿನ ರಜೆ ಮಾಡುತ್ತಾರೆ, ಅದಕ್ಕೆ ಸೇತುವೆ ಕಟ್ಟುವುದು ಅನ್ನುತ್ತಾರೆ. ಆ ದಿನಗಳಲ್ಲಿ ರೈಲು ಟಿಕೆಟ್ ದುಬಾರಿ. ಮೇ 1ಕ್ಕೆ ದೊಡ್ಡ ಮ್ಯೂಸಿಯಂಗಳೂ ಮುಚ್ಚಿರುತ್ತವೆ.

ವೀಸಾಗೆ ಆರು ತಿಂಗಳು ಮುಂಚೆಯೇ ಅರ್ಜಿ ಹಾಕಬಹುದು. ಬೇಸಿಗೆಗೆ ಎಲ್ಲರೂ ಒಟ್ಟಿಗೆ ಮುಗಿಬೀಳುತ್ತಾರೆ, ನೀವು ಜನವರಿಯಲ್ಲೇ ಮುಗಿಸಿ. ಕನಿಷ್ಠ 30,000 ಯೂರೋ ವೈದ್ಯಕೀಯ ವಿಮೆ ಕಡ್ಡಾಯ. ಅಪ್ಪ ಅಮ್ಮನಿಗೆ ಈಗಾಗಲೇ ಇರುವ ಕಾಯಿಲೆಗೂ ಅದು ಅನ್ವಯಿಸುತ್ತದಾ ಅಂತ ಓದಿ ನೋಡಿ ತಗೊಳ್ಳಿ.

ಅಮ್ಮನಿಗೋ ಅಪ್ಪನಿಗೋ ಮಂಡಿ ನೋವು ಇದೆಯಾ? ಎಷ್ಟು ದೂರ ನಡೆಯುತ್ತಾರೆ? ಅದನ್ನೂ ದಿನಾಂಕವನ್ನೂ ಇಲ್ಲೇ ಬರೆಯಿರಿ. ಪ್ಯಾರಿಸ್‌ನ ಐದು ದಿನಕ್ಕೆ ಯಾವ ಬಸ್ಸು, ಯಾವ ಕಡೆ ರೂಮು ಅಂತ ಕೂತು ಬರೆದು ಕೊಡುತ್ತೇನೆ.