ರಂಗದಿಂದ ತೆರೆಗೆ: ಬ್ರಿಟಿಷ್ ನಟರ ವೃತ್ತಿಜೀವನದ ಕುರಿತು ಓದುಗರ ಪ್ರಶ್ನೆಗಳು

ಪ್ರಶ್ನೆ: ಅಲನ್ ರಿಕ್‌ಮನ್, ಇಯಾನ್ ಮೆಕೆಲನ್, ಜೂಡಿ ಡೆಂಚ್ ಅವರಂಥ ಬ್ರಿಟಿಷ್ ಕಲಾವಿದರು ಸಿನಿಮಾದಲ್ಲಿ ಲೋಕಪ್ರಸಿದ್ಧರಾದದ್ದು ನಲವತ್ತು ದಾಟಿದ ಮೇಲೆ, ಕೆಲವರಂತೂ ಅರವತ್ತರ ಆಸುಪಾಸಿನಲ್ಲಿ. ಇಷ್ಟು ತಡವಾದದ್ದೇಕೆ? ಅಲ್ಲಿಯವರೆಗೆ ಅವರಿಗೆ ಅವಕಾಶವೇ ಸಿಕ್ಕಿರಲಿಲ್ಲವೆ?

ಉತ್ತರ: ಸಿನಿಮಾ ಪ್ರೇಕ್ಷಕರಾದ ನಮಗೆ ತಡವೆಂದು ತೋರುತ್ತದೆ, ಅಷ್ಟೇ. ಜೂಡಿ ಡೆಂಚ್ 1957ರಲ್ಲಿ ಓಲ್ಡ್ ವಿಕ್ ತಂಡದಲ್ಲಿ ಒಫೀಲಿಯಾ ಆಗಿ ವೃತ್ತಿಗೆ ಕಾಲಿಟ್ಟವರು, 1976ರಲ್ಲಿ ರಾಯಲ್ ಶೇಕ್ಸ್‌ಪಿಯರ್ ಕಂಪನಿಯ ‘ಮ್ಯಾಕ್‌ಬೆತ್’ನಲ್ಲಿ ಮೆಕೆಲನ್ ಎದುರು ಲೇಡಿ ಮ್ಯಾಕ್‌ಬೆತ್ ಆದರು, ಎಂಬತ್ತರ ದಶಕದಲ್ಲಿ ಕಿರುತೆರೆಯ ಹಾಸ್ಯ ಧಾರಾವಾಹಿಯಿಂದ ಮನೆಮಾತಾದರು. 1995ರಲ್ಲಿ ಜೇಮ್ಸ್ ಬಾಂಡ್‌ನ ಮೇಲಧಿಕಾರಿ ‘ಎಂ’ ಆಗಿ ಕಾಣಿಸಿಕೊಂಡಾಗ ಹೊರಜಗತ್ತಿಗೆ ಅವರು ಹೊಸಬರಾಗಿದ್ದಿರಬಹುದು, ಬ್ರಿಟನ್ನಿನ ಪ್ರೇಕ್ಷಕರಿಗೆ ಮಾತ್ರ ಅದು ದಶಕಗಳ ಪರಿಚಯದ ಮುಖ. 1999ರಲ್ಲಿ ಅವರಿಗೆ ಆಸ್ಕರ್ ತಂದುಕೊಟ್ಟ ಎಲಿಜಬೆತ್ ರಾಣಿಯ ಪಾತ್ರ ಇಡೀ ಚಿತ್ರದಲ್ಲಿ ತೆರೆಯ ಮೇಲಿರುವುದು ಹತ್ತು ನಿಮಿಷಕ್ಕೂ ಕಡಿಮೆ. ಅಷ್ಟರಲ್ಲೇ ಒಂದು ಆಸ್ಥಾನವೆಲ್ಲ ಆಕೆಗೆ ನಡುಗುತ್ತದೆಂದು ನಂಬಿಸುವ ಕಸುವು ನಾಲ್ಕು ದಶಕಗಳ ರಂಗಾನುಭವವಿಲ್ಲದೆ ಬರುತ್ತಿರಲಿಲ್ಲ ಎಂದು ನನಗನಿಸುತ್ತದೆ.

ಈ ಕಸುವನ್ನು ರೂಢಿಸಿದ್ದು ‘ರೆಪರ್ಟರಿ’ ಎಂಬ ಪದ್ಧತಿ. ಲಿವರ್‌ಪೂಲ್, ಬರ್ಮಿಂಗ್‌ಹ್ಯಾಮ್‌ನಂಥ ನಗರಗಳಲ್ಲಿ ಮೊದಲ ಮಹಾಯುದ್ಧಕ್ಕೆ ಮೊದಲೇ ಬೇರೂರಿದ ಈ ಪದ್ಧತಿಯಲ್ಲಿ ರಂಗಮಂದಿರವೇ ಸಂಬಳ ಕೊಟ್ಟು ನಟವರ್ಗವನ್ನು ಇಟ್ಟುಕೊಂಡು, ಒಂದಾದ ಮೇಲೊಂದು ನಾಟಕವನ್ನು ಆಡಿಸುತ್ತಿತ್ತು. ಎಷ್ಟೋ ಊರುಗಳಲ್ಲಿ ವಾರಕ್ಕೊಂದು ಹೊಸ ನಾಟಕ. ಸಂಜೆ ಪತ್ತೇದಾರಿ ನಾಟಕದಲ್ಲಿ ಇನ್‌ಸ್ಪೆಕ್ಟರ್ ಆಗಬೇಕಾದವನು ಅದೇ ದಿನ ಬೆಳಿಗ್ಗೆ ಮುಂದಿನ ವಾರದ ಪ್ರಹಸನದ ಎರಡನೆಯ ಅಂಕದ ತಾಲೀಮು ಮುಗಿಸಿರುತ್ತಿದ್ದ; ರಾತ್ರಿ ಬಣ್ಣ ತೊಳೆದುಕೊಂಡು ಬಾಡಿಗೆ ಕೋಣೆಗೆ ಹೋಗಿ ಮೂರನೆಯ ಅಂಕದ ಮಾತುಗಳನ್ನು ಉರು ಹೊಡೆಯುತ್ತಿದ್ದ. ಇಪ್ಪತ್ತೆರಡರ ತರುಣನೂ ಗಡ್ಡ ಅಂಟಿಸಿಕೊಂಡು ಮುದುಕನಾಗಬೇಕಿತ್ತು. ಹೀಗೆ ಅವಸರದಲ್ಲಿ ಕಟ್ಟಿದ ನಾಟಕಗಳೆಲ್ಲ ಚೆನ್ನಾಗಿದ್ದವೆಂದು ಯಾರೂ ಹೇಳಲಾರರು. ಆದರೂ ಯಾವ ಪಾತ್ರಕ್ಕೂ ಹೆದರದಂಥ ಧೈರ್ಯ ನಟನಿಗೆ ಅಲ್ಲಿ ದಕ್ಕುತ್ತಿತ್ತು. ಕೇಂಬ್ರಿಜ್‌ನಲ್ಲಿ ಓದಿದ ಮೆಕೆಲನ್ ನಾಟಕ ಶಾಲೆಯ ಮೆಟ್ಟಿಲನ್ನೇ ಹತ್ತದೆ 1961ರಲ್ಲಿ ಕೊವೆಂಟ್ರಿಯ ಬೆಲ್‌ಗ್ರೇಡ್ ರಂಗಮಂದಿರದಲ್ಲಿ ಕೆಲಸಕ್ಕೆ ಸೇರಿದರು.

ಅದಕ್ಕೊಂದು ವ್ಯಾವಹಾರಿಕ ಕಾರಣವೂ ಇತ್ತು. 1930ರಲ್ಲಿ ಸ್ಥಾಪನೆಯಾದ ‘ಈಕ್ವಿಟಿ’ ಎಂಬ ನಟರ ಸಂಘದ ಸದಸ್ಯತ್ವವಿಲ್ಲದವರಿಗೆ ವೃತ್ತಿಯ ಬಾಗಿಲು ಬಹುಕಾಲ ಮುಚ್ಚಿತ್ತು. ಹೊಸಬರು ಆ ಕಾರ್ಡನ್ನು ಸಂಪಾದಿಸುವ ಮುಖ್ಯ ದಾರಿಗಳಲ್ಲಿ ಇಂಥ ಪ್ರಾಂತೀಯ ರಂಗಮಂದಿರವೂ ಒಂದಾಗಿದ್ದರಿಂದ, ಕಿರುತೆರೆಯ ಮೇಲೆ ಕಣ್ಣಿಟ್ಟವರೂ ಅಲ್ಲಿ ಬೆವರು ಸುರಿಸಿಯೇ ಮುಂದೆ ಹೋಗಬೇಕಿತ್ತು. ಆ ನಿರ್ಬಂಧ 1990ರ ಹೊತ್ತಿಗೆ ಕಾನೂನಿನಿಂದಲೇ ಕೊನೆಗೊಂಡಿತು.

ರಿಕ್‌ಮನ್ ದಾರಿ ಇನ್ನೂ ಬಳಸಿನದು. ಗ್ರಾಫಿಕ್ ವಿನ್ಯಾಸಕಾರರಾಗಿದ್ದವರು ಆ ಉದ್ಯೋಗ ಬಿಟ್ಟು 26ನೆಯ ವಯಸ್ಸಿನಲ್ಲಿ ಲಂಡನ್ನಿನ ರಾಯಲ್ ಅಕಾಡೆಮಿ ಆಫ್ ಡ್ರಾಮಾಟಿಕ್ ಆರ್ಟ್ ಸೇರಿದರು. 1985ರಲ್ಲಿ ರಾಯಲ್ ಶೇಕ್ಸ್‌ಪಿಯರ್ ಕಂಪನಿಗಾಗಿ ಅವರು ಆಡಿದ ಒಂದು ನಾಟಕ ಎರಡು ವರ್ಷಗಳ ನಂತರ ನ್ಯೂಯಾರ್ಕಿಗೆ ಹೋಯಿತು. ಅಲ್ಲಿಂದಲೇ ಹಾಲಿವುಡ್ ಕರೆ ಬಂದಿತು. 1988ರಲ್ಲಿ ‘ಡೈ ಹಾರ್ಡ್’ ಬಿಡುಗಡೆಯಾದಾಗ ಅವರಿಗೆ 42 ವರ್ಷ.

ಪ್ರಶ್ನೆ: ಹೆಸರು, ಹಣ ಎರಡೂ ಬಂದ ಮೇಲೂ ಇವರೆಲ್ಲ ರಂಗಭೂಮಿಗೆ ಮರಳುವುದು ಬರೀ ಪ್ರೀತಿಯಿಂದಲೆ?

ಉತ್ತರ: ಪ್ರೀತಿಯನ್ನು ಅಲ್ಲಗಳೆಯುವುದಿಲ್ಲ, ಆದರೆ ಭೂಗೋಳದ ಪಾಲನ್ನು ಮರೆಯಬಾರದು. ಪೈನ್‌ವುಡ್, ಶೆಪರ್ಟನ್, ಎಲ್‌ಸ್ಟ್ರೀ ಸ್ಟುಡಿಯೋಗಳೆಲ್ಲ ಲಂಡನ್ನಿನ ಅಂಚಿನಲ್ಲೇ ಇವೆ. ವೆಸ್ಟ್ ಎಂಡ್ ರಂಗಮಂದಿರಗಳೂ ಬಿಬಿಸಿಯೂ ನಗರದ ಒಳಗಿವೆ. ಹಾಗಾಗಿ ಹಗಲು ಚಿತ್ರೀಕರಣ ಮುಗಿಸಿ ಸಂಜೆ ರಂಗಕ್ಕೆ ಬರುವುದು ಅಲ್ಲಿ ಸಾಧ್ಯ. ನ್ಯೂಯಾರ್ಕ್‌ನಲ್ಲಿ ನಾಟಕ, ಸಾವಿರಾರು ಕಿಲೋಮೀಟರ್ ದೂರದ ಲಾಸ್ ಏಂಜಲೀಸ್‌ನಲ್ಲಿ ಸಿನಿಮಾ ಎನ್ನುವ ಅಮೆರಿಕದ ನಟರಿಗೆ ಈ ಅನುಕೂಲವಿಲ್ಲ.

ಎಲ್ಲರೂ ಮರಳುವುದಿಲ್ಲ ಎಂಬುದನ್ನೂ ಹೇಳಬೇಕು. 1967ರಲ್ಲಿ ಲಾರೆನ್ಸ್ ಒಲಿವಿಯೆ ಕಾಯಿಲೆ ಬಿದ್ದಾಗ ನ್ಯಾಷನಲ್ ಥಿಯೇಟರ್‌ನ ನಾಟಕವೊಂದರಲ್ಲಿ ಅವರ ಪಾತ್ರವನ್ನು ಬದಲಿ ನಟನಾಗಿ ನಿರ್ವಹಿಸಿದವರು ತರುಣ ಆಂಥೊನಿ ಹಾಪ್ಕಿನ್ಸ್. ಬೆಕ್ಕು ಇಲಿಯನ್ನು ಕಚ್ಚಿಕೊಂಡು ಹೋದಂತೆ ಈತ ಆ ಪಾತ್ರವನ್ನು ಹೊತ್ತೊಯ್ದ ಎಂದು ಒಲಿವಿಯೆ ಆತ್ಮಕಥೆಯಲ್ಲಿ ಬರೆದಿದ್ದಾರೆ. ಇಷ್ಟು ಮೆಚ್ಚುಗೆ ಪಡೆದ ಹಾಪ್ಕಿನ್ಸ್ ಮುಂದೆ ಅದೇ ಸಂಸ್ಥೆಯ ‘ಮ್ಯಾಕ್‌ಬೆತ್’ನಿಂದ ಅರ್ಧಕ್ಕೇ ಹೊರನಡೆದರು, ಎಂಬತ್ತರ ದಶಕದಲ್ಲಿ ಮರಳಿ ಬಂದು ಲಿಯರ್ ರಾಜನಾದರು, ಕೊನೆಗೆ ಸಿನಿಮಾದಲ್ಲೇ ನೆಲೆನಿಂತರು. ಡೇನಿಯಲ್ ಡೇ-ಲೂಯಿಸ್ 1989ರಲ್ಲಿ ‘ಹ್ಯಾಮ್ಲೆಟ್’ ಪ್ರದರ್ಶನದ ನಡುವೆಯೇ ರಂಗದಿಂದ ನಿರ್ಗಮಿಸಿದವರು. ಇದಕ್ಕೆ ತದ್ವಿರುದ್ಧವಾಗಿ, ಎರಡು ಆಸ್ಕರ್ ಗೆದ್ದ ಗ್ಲೆಂಡಾ ಜಾಕ್ಸನ್ ನಟನೆಯನ್ನೇ ಬಿಟ್ಟು 1992ರಿಂದ 2015ರವರೆಗೆ ಸಂಸತ್ ಸದಸ್ಯೆಯಾಗಿದ್ದು, 2016ರಲ್ಲಿ 80ನೆಯ ವಯಸ್ಸಿನಲ್ಲಿ ಓಲ್ಡ್ ವಿಕ್ ರಂಗದ ಮೇಲೆ ತಾವೇ ಲಿಯರ್ ಆಗಿ ನಿಂತರು. ಮೂರೂವರೆ ಗಂಟೆಯ ಆಸುಪಾಸಿನ ಆ ಪಾತ್ರಕ್ಕೆ ಬೇಕಾದ ದೇಹಶಕ್ತಿಯನ್ನು ನೆನೆದರೇ ಅಚ್ಚರಿಯಾಗುತ್ತದೆ.

ಪ್ರಶ್ನೆ: ಈಗಿನ ತರುಣ ನಟರಿಗೂ ಇದೇ ದಾರಿಯೆ?

ಉತ್ತರ: ಬಹುಮಟ್ಟಿಗೆ ಅಲ್ಲ. ಊರೂರಿನ ಕಾಯಂ ನಟವರ್ಗಗಳು ಕರಗಿವೆ. ಶಾಲೆಯಿಂದ ನೇರವಾಗಿ ಧಾರಾವಾಹಿಗೆ ಹೋಗುವುದೇ ಹೆಚ್ಚು. ಹಿಂದೆ ಸ್ಥಳೀಯ ಆಡಳಿತಗಳ ಧನಸಹಾಯದಿಂದ ಕಾರ್ಮಿಕರ ಮಕ್ಕಳೂ ನಾಟಕ ಶಾಲೆಗೆ ಬರುತ್ತಿದ್ದರು. ಈಗ ಇಂಗ್ಲೆಂಡಿನಲ್ಲಿ ಪದವಿ ಶಿಕ್ಷಣದ ಶುಲ್ಕವೇ ವರ್ಷಕ್ಕೆ 9,000 ಪೌಂಡ್ ದಾಟಿರುವುದರಿಂದ ಸಾಲಕ್ಕೆ ಅಂಜುವ ಮನೆಗಳ ಮಕ್ಕಳು ಹಿಂದೆ ಸರಿದರೆ ಆಶ್ಚರ್ಯವಿಲ್ಲ. ಕಪ್ಪು ನಟರ ಕಷ್ಟ ಬೇರೆಯದೇ. ಇದ್ರಿಸ್ ಎಲ್ಬಾ ದೊಡ್ಡ ಪಾತ್ರಕ್ಕಾಗಿ ಅಮೆರಿಕಕ್ಕೆ ಹೋಗಬೇಕಾಯಿತು. 2002ರಲ್ಲಿ ಅಲ್ಲಿನ ಧಾರಾವಾಹಿಯಿಂದ ಹೆಸರಾದ ಮೇಲೆಯೇ ತಾಯ್ನಾಡು ಅವರನ್ನು ಗಮನಿಸಿದ್ದು.

ಪ್ರಶ್ನೆ: ಬ್ರಿಟಿಷ್ ನಟರಲ್ಲಿ ಅನೇಕರು ಹೆಸರು ಬದಲಿಸಿಕೊಳ್ಳುವುದೇಕೆ?

ಉತ್ತರ: ಒಂದೇ ಹೆಸರಿನಲ್ಲಿ ಇಬ್ಬರು ಸದಸ್ಯರಿರಬಾರದೆಂಬುದು ಈಕ್ವಿಟಿಯ ನಿಯಮ. ಡೇವಿಡ್ ಮೆಕ್‌ಡೊನಾಲ್ಡ್ ಎಂಬ ಹೆಸರು ಆಗಲೇ ದಾಖಲಾಗಿದ್ದರಿಂದ ಅದೇ ಹೆಸರಿನ ಇನ್ನೊಬ್ಬ ಹುಡುಗ ಡೇವಿಡ್ ಟೆನಂಟ್ ಆದ. ಮೈಕಲ್ ಸ್ಕಾಟ್ ಎಂದು ಕರೆದುಕೊಳ್ಳುತ್ತಿದ್ದ ಇನ್ನೊಬ್ಬರಿಗೂ ಇದೇ ತೊಡಕು ಎದುರಾಯಿತು. ಲೆಸ್ಟರ್ ಸ್ಕ್ವೇರ್‌ನ ಟೆಲಿಫೋನ್ ಬೂತ್‌ನಿಂದ ಏಜೆಂಟರೊಡನೆ ಮಾತನಾಡುತ್ತಿದ್ದ ಅವರು, ಎದುರಿನ ಚಿತ್ರಮಂದಿರದ ಫಲಕದಲ್ಲಿ ‘ದಿ ಕೇನ್ ಮ್ಯೂಟಿನಿ’ ಎಂದಿದ್ದುದನ್ನು ಕಂಡು ಅಲ್ಲೇ ಮೈಕಲ್ ಕೇನ್ ಆದರು.