ಟೆಂಟಿನ ಗೂಟ ಹೊಡೆಯುವ ಮೊದಲು ದೋಣಿಯ ದಾರಿ ನೋಡಿ

ದಾವಣಗೆರೆಯ ಓದುಗರೊಬ್ಬರು ಸಿಟ್ಟಿನಲ್ಲಿ ನಾಲ್ಕು ಪುಟಗಳ ಪತ್ರ ಬರೆದಿದ್ದಾರೆ. ಸಾರಾಂಶ ಇಷ್ಟು: ಬನದ ಹುಣ್ಣಿಮೆಯ ದಿನ ಅವರೂ ಗೆಳೆಯರೂ ಕುಮಟಾ ತಾಲ್ಲೂಕಿನ ಹಳ್ಳಿಯೊಂದರ ಕಡಲತೀರದಲ್ಲಿ ಎರಡು ಟೆಂಟ್ ಹಾಕಿದರು. ನಡುರಾತ್ರಿ ನೀರು ನುಗ್ಗಿ ಹಾಸಿಗೆಯೆಲ್ಲ ತೊಯ್ದುಹೋಯಿತು. ಟೆಂಟನ್ನು ಮೇಲಕ್ಕೆ ಎಳೆದುಕೊಂಡು ದೋಣಿಗಳ ಪಕ್ಕದಲ್ಲಿ ಮಲಗಿದರೆ, ಬೆಳಕು ಹರಿಯುವ ಮೊದಲೇ ಮೀನುಗಾರರು ಬಂದು ಎಬ್ಬಿಸಿ, ಬೈದು, ಜಾಗ ಖಾಲಿ ಮಾಡಿಸಿದರು. "ಕಡಲು ಯಾರಪ್ಪನ ಆಸ್ತಿ?" ಎಂಬುದು ಅವರ ಪ್ರಶ್ನೆ. ಉತ್ತರ ಕನ್ನಡದಲ್ಲಿ ಜನರ ಕಾಟವಿಲ್ಲದೆ ಟೆಂಟ್ ಹಾಕಬಹುದಾದ ಕಡಲತೀರಗಳ ಪಟ್ಟಿಯೊಂದನ್ನು ಪತ್ರಿಕೆ ಪ್ರಕಟಿಸಬೇಕು ಎಂಬುದು ಬೇಡಿಕೆ.

ಮಾನ್ಯರೇ,

ಮೊದಲು ನೀರಿನ ವಿಷಯ. ಅಲ್ಲಿ ವಾದಕ್ಕೆ ಎಡೆಯಿಲ್ಲ. ಬೆಳದಿಂಗಳಿಗೆಂದು ನೀವು ಹುಣ್ಣಿಮೆಯನ್ನೇ ಆರಿಸಿಕೊಂಡಿರಿ. ಕಡಲು ಅತಿ ಹೆಚ್ಚು ಏರುವುದೂ ಹುಣ್ಣಿಮೆ, ಅಮಾವಾಸ್ಯೆಗಳ ಆಸುಪಾಸಿನಲ್ಲೇ. ನಮ್ಮ ಕರಾವಳಿಯಲ್ಲಿ ಆ ದಿನಗಳ ರಾತ್ರಿಯ ಭರತ, ಅಂದರೆ ಕಡಲು ತುಂಬಿ ಏರುವ ಹೊತ್ತು, ಹೆಚ್ಚು ಕಡಿಮೆ ನಡುರಾತ್ರಿಗೆ ಬರುತ್ತದೆ. ಆಮೇಲೆ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತದೆ. ಸಂಜೆ ಆರಕ್ಕೆ ನೀವು ನೋಡಿದ ಅಗಲವಾದ, ಗಟ್ಟಿಯಾದ, ಸಪಾಟು ಮರಳು ಇಳಿತದ ಮರಳು. ನೀರು ಏರುವುದು ಒಂದೂವರೆ ಮೀಟರಿನಷ್ಟೇ ಇರಬಹುದು, ಆದರೆ ಇಳಿಜಾರು ಕಡಿಮೆಯಿರುವ ದಂಡೆಯಲ್ಲಿ ಅಷ್ಟು ಏರಿಕೆಗೆ ಅಲೆ ಮೂವತ್ತು ನಲವತ್ತು ಹೆಜ್ಜೆ ಮುಂದೆ ಬಂದಿರುತ್ತದೆ.

ಇದನ್ನು ಮೊಬೈಲ್ ಇಲ್ಲದೆಯೂ ಓದಬಹುದು. ದಂಡೆಯುದ್ದಕ್ಕೂ ಕಸದ ಎರಡು ಗೆರೆಗಳಿರುತ್ತವೆ. ಕೆಳಗಿನದು ಹಸಿ: ಪಾಚಿ, ಹೊಸ ಚಿಪ್ಪು, ಇನ್ನೂ ಒದ್ದೆಯಾಗಿರುವ ಕಡ್ಡಿ. ಅದು ಹಿಂದಿನ ಭರತದ ಗುರುತು. ಅದಕ್ಕಿಂತ ಮೇಲೆ ಇನ್ನೊಂದು ಗೆರೆ ಇರುತ್ತದೆ. ಬಿಸಿಲಿಗೆ ಬಿಳಚಿದ ಕಟ್ಟಿಗೆ ಚೂರು, ಹರಿದ ಬಲೆಯ ತುಂಡು, ಒಂಟಿ ಚಪ್ಪಲಿ, ಔಷಧದ ಬಾಟಲಿಯ ಮುಚ್ಚಳ. ಅದು ಕಳೆದ ಹುಣ್ಣಿಮೆಯದೋ ಅಮಾವಾಸ್ಯೆಯದೋ ಗುರುತು. ಟೆಂಟ್ ಇರಬೇಕಾದದ್ದು ಈ ಮೇಲಿನ ಗೆರೆಗಿಂತ ಸಾಕಷ್ಟು ಮೇಲೆ. ಎಲ್ಲೂ ಎರಡನೆಯ ಗೆರೆ ಕಾಣದೆ ಅಲೆಯ ಗುರುತು ನೇರ ದಿಬ್ಬದ ಬುಡಕ್ಕೇ ತಾಗಿದ್ದರೆ ಆ ದಂಡೆ ರಾತ್ರಿ ಮಲಗುವ ಜಾಗವೇ ಅಲ್ಲ. ಹಳ್ಳವೋ ಹೊಳೆಯೋ ಕಡಲು ಸೇರುವ ಅಳಿವೆಯ ಬಳಿಯಂತೂ ಬೇಡವೇ ಬೇಡ. ಅಲ್ಲಿಯ ಮರಳು ಒಂದು ವರ್ಷ ಇದ್ದಂತೆ ಇನ್ನೊಂದು ವರ್ಷ ಇರುವುದಿಲ್ಲ, ಸೆಳವೂ ಜೋರು.

ಇನ್ನು ನಿಮ್ಮನ್ನು ಎಬ್ಬಿಸಿದವರ ವಿಷಯ. ನಿಮ್ಮ ಪತ್ರದಲ್ಲೇ ಉತ್ತರವಿದೆ. "ದೋಣಿಗಳ ಪಕ್ಕದಲ್ಲಿ, ಎರಡು ದೋಣಿಗಳ ನಡುವಿನ ಖಾಲಿ ಜಾಗದಲ್ಲಿ" ಎಂದು ಬರೆದಿದ್ದೀರಿ. ಆ ಜಾಗ ಖಾಲಿ ಇದ್ದದ್ದು ದೋಣಿಯನ್ನು ನೀರಿಗಿಳಿಸಲು. ಮೀನುಗಾರರು ನಸುಕಿನಲ್ಲಿ ಇಂಥ ಹೊತ್ತಿಗೆ ಎಂದು ಲೆಕ್ಕ ಹಾಕಿ ಬಂದಿರುತ್ತಾರೆ. ನಾಲ್ಕಾರು ಜನ ಹೆಗಲು ಕೊಟ್ಟು ದೋಣಿಯನ್ನು ತಳ್ಳುವಾಗ ಅದನ್ನು ನಿಮ್ಮ ಟೆಂಟಿನ ಹಗ್ಗಗಳ ನಡುವೆ ಸುತ್ತಿ ಬಳಸಿ ಒಯ್ಯಲಾಗುವುದಿಲ್ಲ. ಅವರ ಮಾತು ಒರಟಾಗಿದ್ದಿರಬಹುದು; ಆ ಹೊತ್ತಿನಲ್ಲಿ ನಿಮ್ಮ ಮನೆಯ ಗೇಟಿನೆದುರು ಯಾರೋ ಕಾರು ನಿಲ್ಲಿಸಿ ಮಲಗಿದ್ದರೆ ನಿಮ್ಮ ಮಾತೂ ಮೃದುವಾಗಿರುತ್ತಿರಲಿಲ್ಲ.

ಕಡಲು ಯಾರಪ್ಪನ ಆಸ್ತಿಯೂ ಅಲ್ಲ, ಒಪ್ಪಿದೆವು. ಆದರೆ ದಂಡೆ ಕೆಲವರಿಗೆ ಕೆಲಸದ ಅಂಗಳ. ಹರಿಕಂತ್ರ, ಖಾರ್ವಿ, ಅಂಬಿಗ ಸಮುದಾಯಗಳ ಮೀನುಗಾರರು ಅಲ್ಲಿ ಬಲೆ ಹರವಿ ಹರಿದದ್ದನ್ನು ಹೊಲಿಯುತ್ತಾರೆ, ಹೆಂಗಸರು ಮೀನು ಒಣಗಿಸುತ್ತಾರೆ. ಹಿಂದೆ ರಂಪಣಿ ಎಂಬ ಉದ್ದನೆಯ ಬಲೆಯನ್ನು ದಡಕ್ಕೆ ಎಳೆಯುವ ದಿನ ಊರಿಗೆ ಊರೇ ದಂಡೆಯ ಮೇಲಿರುತ್ತಿತ್ತು. 1970ರ ದಶಕದ ಕೊನೆಗೆ ಕಡಲಿನಲ್ಲೇ ಮೀನಿನ ಹಿಂಡಿಗೆ ಬಲೆ ಸುತ್ತಿ ಹಿಡಿಯುವ ಪರ್ಸೀನ್ ದೋಣಿಗಳು ಬಂದ ಮೇಲೆ ಅದು ಕುಗ್ಗಿತು, ದಂಡೆಯ ಕೆಲಸ ನಿಲ್ಲಲಿಲ್ಲ. ಕೇಂದ್ರ ಸರ್ಕಾರದ ಕರಾವಳಿ ನಿಯಂತ್ರಣ ವಲಯದ 2019ರ ಅಧಿಸೂಚನೆ ಕೂಡ ತನ್ನ ಉದ್ದೇಶಗಳಲ್ಲಿ ಮೀನುಗಾರರ ಜೀವನೋಪಾಯದ ಭದ್ರತೆಯನ್ನು ಹೆಸರಿಸಿಯೇ ಹೇಳುತ್ತದೆ. ಪ್ರವಾಸಿಯ ನಿದ್ರೆಯ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ.

ಬೆಂಕಿ ಹಾಕಿದ್ದನ್ನೂ ನೀವು ಹೆಮ್ಮೆಯಿಂದ ಬರೆದಿದ್ದೀರಿ, "ಹೋಗುವಾಗ ಮರಳು ಮುಚ್ಚಿ ಆರಿಸಿದೆವು" ಎಂದು. ಮರಳು ಮುಚ್ಚಿದ ಕೆಂಡ ಆರುವುದಿಲ್ಲ, ಅಡಗುತ್ತದೆ. ಗಂಟೆಗಳ ನಂತರವೂ ಒಳಗೆ ಸುಡುವ ಕಾವು ಇರುತ್ತದೆ, ಮೇಲೆ ನೋಡಿದರೆ ಗೊತ್ತಾಗುವುದಿಲ್ಲ. ದಂಡೆಯ ಮೇಲೆ ಬರಿಗಾಲಿನಲ್ಲಿ ಓಡಾಡುವವರೇ ಹೆಚ್ಚು. ಬೆಂಕಿ ಬೇಕೇ ಬೇಕೆಂದರೆ ನೀರಿನಂಚಿನ ಹಸಿ ಮರಳಿನಲ್ಲಿ ಹಾಕಿ, ಬಕೆಟ್‌ಗಟ್ಟಲೆ ಸಮುದ್ರದ ನೀರು ಸುರಿದು ಕೈಯಿಟ್ಟು ನೋಡಿ ಹೊರಡಿ. ಗಾಳಿಮರದ ತೋಪಿನೊಳಗೆ ಮಾತ್ರ ಒಂದು ಬೆಂಕಿಕಡ್ಡಿಯನ್ನೂ ಗೀರಬೇಡಿ. ಬುಡದಲ್ಲಿ ಬಿದ್ದಿರುವ ಒಣ ಎಲೆಯ ಹಾಸು ಒಂದೇ ಕಿಡಿಗೆ ಹತ್ತಿಕೊಳ್ಳುತ್ತದೆ. ಅರಣ್ಯ ಇಲಾಖೆಯ ತೋಪಾದರೆ ಒಳಗೆ ಉಳಿಯಲು ಇಲಾಖೆಯ ಅನುಮತಿಯೂ ಬೇಕು.

ಪಟ್ಟಿಯನ್ನು ನಾವು ಪ್ರಕಟಿಸುವುದಿಲ್ಲ. ಜಿಪುಣತನದಿಂದಲ್ಲ. "ಜನರಿಲ್ಲದ" ಎಂದು ನೀವು ಕೇಳುವ ತೀರಗಳಲ್ಲಿ ಚಳಿಗಾಲದ ರಾತ್ರಿ ಆಲಿವ್ ರಿಡ್ಲಿ ಕಡಲಾಮೆಗಳು ಮೊಟ್ಟೆಯಿಡಲು ಮೇಲೆ ಬರುತ್ತವೆ. ಹೊನ್ನಾವರ, ಕಾರವಾರದ ಕಡೆ ಅರಣ್ಯ ಇಲಾಖೆಯವರೂ ಊರಿನವರೂ ಗೂಡಿಗೆ ಬೇಲಿ ಕಟ್ಟಿ ಕಾಯುತ್ತಾರೆ. ಒಂದು ಗೂಡಿನಲ್ಲಿ ನೂರರ ಆಸುಪಾಸು ಮೊಟ್ಟೆ, ಮರಿಯಾಗಲು ಒಂದೂವರೆ ಎರಡು ತಿಂಗಳು. ಮರಿಗಳು ಬೆಳಕಿರುವ ದಿಕ್ಕೇ ಕಡಲೆಂದು ನಂಬಿ ಹೊರಡುತ್ತವೆ. ನಿಮ್ಮ ಟೆಂಟಿನ ಎಲ್ಇಡಿ ದೀಪ ಅವುಗಳನ್ನು ನಿಮ್ಮ ಕಡೆಗೇ ಕರೆಯುತ್ತದೆ. ಪತ್ರಿಕೆಯಲ್ಲಿ ಹೆಸರು ಬಂದರೆ ಮುಂದಿನ ಶನಿವಾರವೇ ಅಲ್ಲಿ ನಲವತ್ತು ಟೆಂಟುಗಳಿರುತ್ತವೆ ಎಂಬುದು ನಿಮಗೂ ಗೊತ್ತು.

ಹಾಗಾದರೆ ಟೆಂಟ್ ಒಯ್ಯುವುದೇ ಬೇಡವೇ? ಒಯ್ಯಿರಿ. ಮಧ್ಯಾಹ್ನವೇ ಊರು ಸೇರಿ. ದಂಡೆಗೆ ಹೋಗುವ ಮೊದಲು ಊರೊಳಗೆ ಹೋಗಿ, ಬಲೆ ಹೊಲಿಯುತ್ತಾ ಕೂತ ಹಿರಿಯರೊಬ್ಬರನ್ನು ಕೇಳಿ: ರಾತ್ರಿ ಎಲ್ಲಿ ಉಳಿದರೆ ನಿಮಗೆ ಅಡ್ಡಿಯಿಲ್ಲ? ಪಂಚಾಯತಿ ಅಥವಾ ಪೊಲೀಸರ ನಿಷೇಧವಿದ್ದರೆ ಅವರೇ ಹೇಳುತ್ತಾರೆ. ಹೆಚ್ಚಿನ ಕಡೆ ಯಾರದೋ ಹಿತ್ತಿಲು ಸಿಗುತ್ತದೆ, ಬಾವಿ ನೀರೂ ಶೌಚಾಲಯವೂ ಸೇರಿ. ಕೇಳಿದ್ದಕ್ಕಿಂತ ಸ್ವಲ್ಪ ಹೆಚ್ಚೇ ಹಣ ಕೊಡಿ. ತೆಂಗಿನ ಮರದ ಕೆಳಗೆ ಮಾತ್ರ ಮಲಗಬೇಡಿ. ಮರಳಿನಲ್ಲಿ ಕಬ್ಬಿಣದ ಗೂಟ ನಿಲ್ಲುವುದಿಲ್ಲ ಎಂದು ಗೊಣಗಿದ್ದೀರಿ: ಚೀಲಕ್ಕೆ ಮರಳು ತುಂಬಿ, ಬಾಯಿಗೆ ಹಗ್ಗ ಕಟ್ಟಿ, ಮೊಳದಾಳದಲ್ಲಿ ಹೂತುಬಿಡಿ, ಗಾಳಿಗೆ ಅಲುಗುವುದಿಲ್ಲ. ರಾತ್ರಿ ಗಾಳಿ ನೆಲದಿಂದ ಕಡಲಿನತ್ತ ತಿರುಗುತ್ತದೆ, ಇಬ್ಬನಿಯೂ ಸುರಿಯುತ್ತದೆ. ಆದ್ದರಿಂದ ಮೇಲುಹೊದಿಕೆ ಹಾಕಿ, ಆದರೆ ಗಾಳಿಕಿಂಡಿ ಮುಚ್ಚಬೇಡಿ. ಡಿಸೆಂಬರ್‌ನಿಂದ ಫೆಬ್ರವರಿ ಒಳ್ಳೆಯ ಕಾಲ. ಅದರಾಚೆ ಸೆಕೆ, ಜೂನ್‌ನಿಂದ ಮಳೆ.

ಕೊನೆಗೆ, ಶಿವರಾತ್ರಿಗೆ ಗೋಕರ್ಣದಲ್ಲಿ ಟೆಂಟ್ ಹಾಕುವ ಯೋಚನೆಯಿದೆ ಎಂದಿದ್ದೀರಿ. ಶಿವರಾತ್ರಿಯ ಬೆನ್ನಲ್ಲೇ ಅಮಾವಾಸ್ಯೆ. ಭರತದ ಲೆಕ್ಕವನ್ನು ಮೇಲೆ ಹೇಳಿದ್ದೇವೆ. ಜೊತೆಗೆ ಯಾತ್ರಿಕರ ಜಾತ್ರೆ, ರಥೋತ್ಸವ. ಆ ವಾರ ಹೋಗುವುದಾದರೆ ಟೆಂಟನ್ನು ಮನೆಯಲ್ಲೇ ಬಿಟ್ಟು ಕೋಣೆಯನ್ನು ಈಗಲೇ ಕಾಯ್ದಿರಿಸಿ.

– ಸಂಪಾದಕ